ಎರಡು ಒಲೆಯ ಬೆಂಕಿ

ಬೇಸ್‌ಲೈನ್ ಎಂಬ ಶಬ್ದ ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಅದನ್ನು ಹುಟ್ಟಿಸಿದವರು ಏನು ಅರ್ಥ ಇಟ್ಟುಕೊಂಡಿದ್ದರೋ ಇರಲಿ. ರಾಣೆಬೆನ್ನೂರಿನಿಂದ ಐರಣಿಯ ಕಡೆ ಹೋಗುವಾಗ ಸಿಗುವ ಒಂದು ಹುಲ್ಲುಗಾವಲಿನಲ್ಲಿ ನಾನು ಕಲಿತ ಅರ್ಥ ಒಂದೇ: ಕೆಟ್ಟದ್ದು ಆಗಲಿ ಎಂದು ಕೈಕಟ್ಟಿ ಕಾಯುವುದು, ಆದಮೇಲೆ ಟೇಪು ಹಿಡಿದು ಅಳೆಯುವುದು.

೨೦೦೮ರ ಮಳೆಗಾಲ. ನಾನು ರಾಣೆಬೆನ್ನೂರಿನಲ್ಲಿ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯ ಕ್ಷೇತ್ರಾಧಿಕಾರಿ. ಹುಟ್ಟಿದ್ದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆಯಲ್ಲಿ, ಹಾಗಾಗಿ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗೆಳತಿಯರು ಚೇಷ್ಟೆ ಮಾಡುತ್ತಿದ್ದರು. ಆ ಆಷಾಢದಲ್ಲಿ ದೊಡ್ಡ ನಗರದ ಒಂದು ಕಂಪನಿಯಿಂದ ಸಲಹೆಗಾರರೊಬ್ಬರು ಬಂದರು. ದೂರದ ಯಾವುದೋ ದೇಶದಲ್ಲಿ ಆ ನೆಲದ ಮೂಲನಿವಾಸಿಗಳು ಹುಲ್ಲು ಪೂರ್ತಿ ಒಣಗುವ ಮೊದಲೇ ಅಲ್ಲಲ್ಲಿ ಸಣ್ಣ ಬೆಂಕಿ ಹಚ್ಚಿ, ಬೇಸಿಗೆಯ ದೊಡ್ಡ ಬೆಂಕಿಯನ್ನು ತಪ್ಪಿಸುತ್ತಾರಂತೆ. ದೊಡ್ಡ ಬೆಂಕಿ ತಪ್ಪಿದರೆ ಹೊಗೆ ಕಡಿಮೆ. ಹಾಗೆ ಕಡಿಮೆಯಾದ ಹೊಗೆಗೆ ಲೆಕ್ಕ ಕಟ್ಟಿ, ಹೊಗೆ ಬಿಡುವ ಕಾರ್ಖಾನೆಗಳಿಗೆ ಮಾರಬಹುದಂತೆ. ಅದಕ್ಕೆ ಕಾರ್ಬನ್ ಕ್ರೆಡಿಟ್ ಎಂದು ಹೆಸರು. ನಮ್ಮ ಕಡೆ ಹೀಗೆ ಸುಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

ಇಲ್ಲದೇ ಏನು! ಮರುದಿನವೇ ಅವರನ್ನು ಕುರುಬರ ಹಟ್ಟಿಗೆ ಕರೆದುಕೊಂಡು ಹೋದೆ. ಹಟ್ಟಿಯ ಯಜಮಾನರು ಎಲ್ಲ ಕೇಳಿ ತಲೆಯ ರುಮಾಲು ತೆಗೆದು ಮತ್ತೆ ಸುತ್ತಿಕೊಂಡರು.

"ಹೊಗಿ ಮಾರ್ತಾರನ್ರಿ ಅಕ್ಕಾರ?"

"ಹೊಗಿ ಅಲ್ರಿ ಯಜಮಾನ್ರ. ಬಿಡದ ಇದ್ದ ಹೊಗಿ."

"ಅಲಲಲಾ! ಹಾಲು ಕರೀದ ಎಮ್ಮಿ ಮಾರಿದಂಗಾತು," ಎಂದು ಅವರು ನಕ್ಕರು. ನಾನೂ ನಕ್ಕೆ. ಆಗ ನಗುವಂಥದ್ದೇ ಇತ್ತು.

ಆ ನೆಲ ಕಾಡಲ್ಲ, ಊರಿನ ಕಾವಲು. ದನ ಕುರಿ ಮೇಯಲೆಂದು ಹಿಂದಿನಿಂದ ಬಿಟ್ಟ ಹುಲ್ಲುನೆಲ. ಹಟ್ಟಿಯವರು ಅದನ್ನು ಸುಡುವ ರೀತಿ ಹೀಗೆ. ದೀಪಾವಳಿ ಮುಗಿದು ಚಳಿ ಕೂರುವ ಹೊತ್ತಿಗೆ ಹುಲ್ಲಿನ ತುದಿ ಒಣಗಿ ಬುಡ ಇನ್ನೂ ಹಸಿ ಇರುತ್ತದೆ. ಎಲ್ಲಿ ಪಟ್ಟಿ ಸುಡಬೇಕೋ ಅದರ ಅಂಚಿನುದ್ದಕ್ಕೆ ನಾಲ್ಕಾರು ರಾತ್ರಿ ಕುರಿ ತರುಬಿ ನಿಲ್ಲಿಸುತ್ತಾರೆ. ಕುರಿ ಮೇದು ತುಳಿದು ಆ ಅಂಚು ಬೋಳಾಗುತ್ತದೆ, ಬೆಂಕಿ ಅದನ್ನು ದಾಟುವುದಿಲ್ಲ. ಹೊತ್ತು ಇಳಿಯುವಾಗ ಗಾಳಿಗೆ ಎದುರಾಗಿ ಹಚ್ಚುತ್ತಾರೆ. ಉರಿ ಮೊಣಕಾಲೆತ್ತರ ಏಳುವುದಿಲ್ಲ, ಹಿಂದೆ ಹಿಂದೆ ತೆವಳುತ್ತದೆ, ಇಬ್ಬನಿ ಬಿದ್ದಂತೆ ತಾನೇ ಸಾಯುತ್ತದೆ. ಕಾವಲಿನ ತುಂಬ ಇಂಥ ಪಟ್ಟಿಗಳಾದರೆ ಅದು ಹಳೆಯ ಕೌದಿಯ ಹಾಗೆ ಕಾಣುತ್ತದೆ. ಮುಂದೆ ಬೇಸಿಗೆಯಲ್ಲಿ ಯಾರದೋ ಬೀಡಿಯ ಕಿಡಿ ಬಿದ್ದರೂ ಬೆಂಕಿ ಸುಟ್ಟ ಪಟ್ಟಿಯವರೆಗೆ ಬಂದು ತಿನ್ನಲು ಏನೂ ಸಿಗದೆ ನಿಲ್ಲುತ್ತದೆ. ಪಟ್ಟಿಯ ಮೇಲೆ ಹೊಸ ಚಿಗುರು ಬರುತ್ತದೆ, ಕುರಿಯೂ ಚಿಗರಿ ಜಿಂಕೆಯೂ ಅಲ್ಲೇ ಮೇಯುತ್ತವೆ.

ಇದರಲ್ಲಿ ಒಂದು ಕಟ್ಟು ಇತ್ತು. ಒಂದೇ ಮನೆಯವರು ಬೆಂಕಿ ಹಚ್ಚುವಂತಿಲ್ಲ. ಎರಡು ಮನೆಯ ಒಲೆಯಿಂದ ಕೆಂಡ ಬರಬೇಕು, ಎರಡೂ ಕೂಡಿಸಿ ಹಚ್ಚಬೇಕು, ಎರಡೂ ಮನೆಯವರು ಕೊನೆಯ ಹೊಗೆ ಆರುವವರೆಗೆ ನಿಲ್ಲಬೇಕು. ಯಾಕೆಂದು ಕೇಳಿದ್ದಕ್ಕೆ ಯಜಮಾನರು ಹೇಳಿದರು: "ಒಬ್ಬನ ಸಿಟ್ಟಿಗೆ ಹುಲ್ಲು ಸುಡಬಾರದು ನೋಡ್ರಿ. ಇನ್ನೊಂದು ಮನೀದು ಕೈ ಕೂಡಿತಂದ್ರ ಸಿಟ್ಟು ಇಳಿದಿರ್ತದ."

ಶ್ರಾವಣದಿಂದ ಆಶ್ವೀಜದವರೆಗೆ ಅಳತೆಯ ಕೆಲಸ. ರಾಣೆಬೆನ್ನೂರಿನಲ್ಲಿ ಕಬ್ಬಿಣದ ಸಳಿಯ ಚೌಕಟ್ಟು ಬೆಸುಗೆ ಹಾಕಿಸಿಕೊಂಡು ಬಂದೆವು. ಅದನ್ನು ಕಾವಲಿನಲ್ಲಿ ಇಟ್ಟು, ಒಳಗೆ ಬಿದ್ದ ಹುಲ್ಲನ್ನೆಲ್ಲ ಕುಡುಗೋಲಿನಿಂದ ಕೊಯ್ದು ಹಸಿ ತೂಕ ಮಾಡುವುದು, ಒಣಗಿಸಿ ಮತ್ತೆ ತೂಗುವುದು. ಎಷ್ಟು ನೀರಿದೆ, ಎಷ್ಟು ಉರಿಯುತ್ತದೆ ಎಂದು ತಿಳಿಯಲಿಕ್ಕೆ. ಒಣಗಿಸುವ ಯಂತ್ರ ನಮ್ಮಲ್ಲೆಲ್ಲಿ? ಪೇಟೆಯ ಬೇಕರಿಯವನ ಭಟ್ಟಿಯಲ್ಲಿ ಬನ್ನು ತೆಗೆದ ಮೇಲೆ ಕಾಗದದ ಚೀಲಗಳನ್ನು ಇಡುತ್ತಿದ್ದೆ. "ಮೇಡಮ್ಮಾರ, ಗಿರಾಕಿ ಬನ್ನಿನ್ಯಾಗ ಮೇವಿನ ವಾಸನಿ ಬರ್ತದ ಅನ್ನಾಕತ್ತಾರ," ಎಂದು ಆತ ದಿನಾ ಗೊಣಗುತ್ತಿದ್ದ. ಯಾವ ಮನೆಯವರು ಎಲ್ಲಿ ಕೊಯ್ಯಬೇಕು, ಗಡಿಯ ಸುತ್ತ ಜಿಪಿಎಸ್ ಹಿಡಿದು ಯಾರು ನಡೆಯಬೇಕು ಎಂಬುದನ್ನೆಲ್ಲ ಹಟ್ಟಿಯೇ ತೀರ್ಮಾನಿಸುತ್ತಿತ್ತು. ನಾನು ಹೇಳಿದ್ದು ಸರಿಬಾರದಿದ್ದರೆ ಮುಖಕ್ಕೇ ಹೇಳುತ್ತಿದ್ದರು.

ಸಲಹೆಗಾರರು ಕೆಟ್ಟ ಮನುಷ್ಯರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಮೊದಲೇ ಜಗಳ ತೆಗೆದು ಕಳಿಸಿಬಿಡುತ್ತಿದ್ದೆ. ನಯವಾಗಿ ಮಾತನಾಡುತ್ತಿದ್ದರು, ಹಟ್ಟಿಯ ರೊಟ್ಟಿ ತಿಂದು ಹೊಗಳುತ್ತಿದ್ದರು. ಆದರೆ ಅವರ ವೇಳಾಪಟ್ಟಿ ಮಾತ್ರ ದೇವರೇ ಬಲ್ಲ. ಮೊದಲ ಪ್ರಾತ್ಯಕ್ಷಿಕೆಯ ಬೆಂಕಿಗೆ ಅವರು ಇಟ್ಟ ದಿನ ದೀಪಾವಳಿ ಪಾಡ್ಯ! ನಮ್ಮ ಹಾವೇರಿ ಸೀಮೆಯಲ್ಲಿ ಹೋರಿ ಬೆದರಿಸುವ ದಿನ ಯಾವ ಗಂಡುಮಗ ಕಾವಲಿಗೆ ಬರುತ್ತಾನೆ? ಕೊಬ್ಬರಿ ಕಟ್ಟಿದ ಹೋರಿ ಓಡುವಾಗ ಊರಿಗೆ ಊರೇ ಅದರ ಹಿಂದೆ. ಕ್ಯಾಮೆರಾ ಹಿಡಿದು ಬಂದ ನಾಲ್ಕು ಮಂದಿ, ಚೌಕಟ್ಟು ಹಿಡಿದ ನಾನು, ಇಷ್ಟೇ ಜನ ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತು ವಾಪಸ್ಸಾದೆವು. ಮರುವಾರ ಹಿಂಗಾರಿ ಮಳೆ ಹೊಡೆದು ಹುಲ್ಲು ಮತ್ತೆ ಹಸಿಯಾಯಿತು. ಕೆಲಸ ಮಾರ್ಗಶಿರಕ್ಕೆ ಹೋಯಿತು.

ಆ ನಡುವೆ ಸಲಹೆಗಾರರು ತಮ್ಮ ಲೆಕ್ಕ ಪರಿಶೀಲಿಸುವವರನ್ನು ಕಂಡು ಬಂದರು. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಹಟ್ಟಿಯವರನ್ನೆಲ್ಲ ಕೂಡಿಸಿದರು. ಅವರು ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಹೇಳುವುದು. ಮೊದಲ ನಾಲ್ಕು ವಾಕ್ಯ ಹೊಗಳಿಕೆ. ಐದನೆಯದನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದೆ.

ಅವರು ಹೇಳಿದ್ದರ ಸಾರ ಇದು. ನೀವು ಅಜ್ಜ ಮುತ್ತಜ್ಜರ ಕಾಲದಿಂದ ಹೀಗೇ ಸುಡುತ್ತಾ ಬಂದಿದ್ದೀರಿ. ಹಾಗಾಗಿ ನೀವು ಹೊಸದಾಗಿ ಉಳಿಸಿದ ಹೊಗೆ ಏನೂ ಇಲ್ಲ. ಕ್ರೆಡಿಟ್ ಸಿಗುವುದು ಬದಲಾವಣೆಗೆ, ಇದ್ದದ್ದಕ್ಕಲ್ಲ. ಆದರೆ ಒಂದು ದಾರಿ ಇದೆ. ಈ ವರ್ಷ ಸುಡಬೇಡಿ. ಎಲ್ಲೂ, ಒಂದು ಮಾರು ಕೂಡ. ಹುಲ್ಲು ನಿಲ್ಲಲಿ, ಬೇಸಿಗೆಯಲ್ಲಿ ಹೇಗೂ ಬೆಂಕಿ ಬೀಳುತ್ತದೆ. ಅದನ್ನು ನಾವು ಅಳೆಯುತ್ತೇವೆ, ಅದೇ ಬೇಸ್‌ಲೈನ್. ಮುಂದಿನ ವರ್ಷದಿಂದ ನೀವು ನಿಮ್ಮ ಪದ್ಧತಿಯಂತೆ ಸುಡಿ. ಆಗ ವ್ಯತ್ಯಾಸ ಕಾಣುತ್ತದೆ.

"ಏನಂದ್ರವಾ ಅವರು?" ಎಂದು ಹಿಂದಿನ ಸಾಲಿನಿಂದ ಕೂಗಿದಳು ಒಬ್ಬಳು. ಹಟ್ಟಿಯೆಲ್ಲ ದೊಡ್ಡವ್ವ ಎಂದು ಕರೆಯುತ್ತಿದ್ದ ವಿಧವೆ. ಅವಳ ಗುಡಿಸಲು ಮತ್ತು ಮುಳ್ಳುಬೇಲಿಯ ಕುರಿದಡ್ಡಿ ಉಳಿದವರಿಂದ ದೂರ, ಕಾವಲಿನ ಮೂಡಣ ಅಂಚಿಗೆ ಒಂಟಿಯಾಗಿ ಇದ್ದವು. ಬೇಸಿಗೆಯ ಗಾಳಿ ಪಡುವಣದಿಂದ ಬೀಸುತ್ತದೆ. ಕಾವಲಿನಲ್ಲಿ ಎಲ್ಲಿ ಬೆಂಕಿ ಎದ್ದರೂ ಅದರ ಮುಖ ಅವಳ ಬೇಲಿಗೆ. ಅದಕ್ಕೇ ಪ್ರತಿವರ್ಷ ಮೊಟ್ಟಮೊದಲ ಪಟ್ಟಿ ಸುಡುತ್ತಿದ್ದುದು ಅವಳ ದಡ್ಡಿಯ ಮುಂದೆ.

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ.

"ಅಂದ್ರ, ಸುಡಗೊಟ್ಟು ಆಮ್ಯಾಲ ಶಾಣ್ಯಾರಾಗಬೇಕು?" ಎಂದಳು ದೊಡ್ಡವ್ವ. "ಆತು, ನಿಮ್ಮ ಕಾವಲ ನೀವು ಏನರ ಮಾಡ್ಕೊರ್ರಿ. ನನ್ನ ದಡ್ಡಿ ಮುಂದಿನ ಪಟ್ಟಿ ಅಷ್ಟ ಸುಟ್ಕೋತೇನಿ. ಮರಿ ಅದಾವ ನನ್ನವು."

ಸಲಹೆಗಾರರು ಬಹಳ ಸಂಕಟದಿಂದ ತಲೆ ಅಲ್ಲಾಡಿಸಿದರು. ಒಂದು ಪಟ್ಟಿ ಸುಟ್ಟರೂ ಅಳತೆ ಕೆಡುತ್ತದೆ ಎಂದರು. ನಾನು ಸಿಟ್ಟಿನಿಂದ ಕೇಳಿದೆ, ಬೆಂಕಿ ಬಿದ್ದರೆ ಅವಳ ಕುರಿಗಳ ಗತಿ ಏನು? "ನಾವು ಬಕೆಟು, ಪಂಪು ತರಿಸಿ ಇಡೋಣ," ಎಂದರು. ಬೆಂಕಿ ಬಿದ್ದಾಗ ಬಾವಿ ತೋಡುವುದು ಎಂದರೆ ಇದೇ ಅಲ್ಲವೇ?

ಹಟ್ಟಿ ಒಪ್ಪಿತು! ಅದೇ ನನಗೆ ತಡೆಯಲಾರದ್ದು. ಆದರೆ ಅವರನ್ನು ಹೇಗೆ ಬೈಯಲಿ? ಕಾವಲಿನಲ್ಲಿ ನೀಲಗಿರಿ ಗಿಡ ನೆಡುತ್ತಾರಂತೆ, ಕುರಿ ಬಿಡುವುದಿಲ್ಲವಂತೆ ಎಂಬ ಸುದ್ದಿ ಎರಡು ವರ್ಷದಿಂದ ಹರಿದಾಡುತ್ತಿತ್ತು. ಯೋಜನೆ ಗಟ್ಟಿಯಾದರೆ ಕಾವಲಿನ ಉಸ್ತುವಾರಿ ಹಟ್ಟಿಗೇ ಬರುತ್ತದೆ ಎಂದು ಸಲಹೆಗಾರರು ಹೇಳಿದ್ದರು. ಯಜಮಾನರು ಎರಡು ದಿನ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ, ಮೂರನೆಯ ದಿನ ಹೇಳಿಬಿಟ್ಟರು: "ಒಂದ ವರ್ಷದ ಮಾತು ಐತ್ರಿ ಅಕ್ಕಾರ. ಬೀರಪ್ಪ ಕಾಯ್ತಾನ. ಯಾರ ಮನಿಯಿಂದನೂ ಕೆಂಡ ಹೊರಗ ಹೋಗಂಗಿಲ್ಲ." ನಾನು ಹಾವೇರಿಗೆ ಹೋಗಿ ನಮ್ಮ ಸಂಸ್ಥೆಯ ಮುಖ್ಯಸ್ಥರ ಮುಂದೆ ಕೂಗಾಡಿದೆ. ಅವರದು ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ. ಕಂಪನಿ ಹೇಳಿದ್ದರಲ್ಲಿ ಏನೋ ವಿಚಾರ ಇರುತ್ತದೆ ಎಂದರು.

ಮಾರ್ಗಶಿರ ಮುಗಿಯುತ್ತ ಬಂತು. ಇಬ್ಬನಿ ದಿನದಿಂದ ದಿನಕ್ಕೆ ತೆಳುವಾಗುತ್ತಿತ್ತು. ಇನ್ನು ಸ್ವಲ್ಪ ದಿನ ಹೋದರೆ ಹುಲ್ಲಿನ ಬುಡವೂ ಒಣಗಿ, ಹಚ್ಚಿದ ಬೆಂಕಿ ಹಿಡಿತಕ್ಕೆ ಸಿಗುವುದಿಲ್ಲ. ದೊಡ್ಡವ್ವ ತನ್ನ ಪಾಡಿಗೆ ತಾನು ದಡ್ಡಿಯ ಮುಂದೆ ಕುರಿ ತರುಬತೊಡಗಿದ್ದಳು. ಅಂಚು ಬೋಳಾಗಿತ್ತು. ಎಲ್ಲ ಸಿದ್ಧ, ಎರಡನೆಯ ಒಲೆ ಇಲ್ಲ. ಅಣ್ಣತಮ್ಮಂದಿರ ಮನೆಗೂ ಹೋಗಿ ಕೇಳಿದ್ದಳು, ಯಜಮಾನರ ಮಾತು ಮೀರಲು ಯಾರೂ ತಯಾರಿರಲಿಲ್ಲ. ನಾನು ಹೋದ ದಿನ ಬೇಲಿಯ ಹತ್ತಿರ ಕೂತು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದಳು.

"ಒಬ್ಬಾಕೀನ ಹಚ್ಚಿಬಿಡಬಾರದೇನ ದೊಡ್ಡವ್ವ?" ಎಂದೆ.

"ಹಂಗ ಬರಂಗಿಲ್ಲ ತಂಗಿ. ನಾಳೆ ನನ್ನ ಬೆಂಕಿ ದಾಟಿ ಹೋತಂದ್ರ, ಸಿಟ್ಟಿಗೆ ಹಚ್ಚಿದ್ಲು ಅಂತಾರ. ಖರೇನ ಅದು."

"ಎರಡನೇ ಒಲಿ ಹಟ್ಟೀದ ಇರಬೇಕೇನ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಂದು ಯಾವ ಒಲಿ?"

"ಸೀಮಿಎಣ್ಣಿ ಸ್ಟೋ."

"ಅದರ ಮ್ಯಾಲೆ ಅನ್ನ ಆಗತದಲ್ಲ? ಹಂಗಾರ ಒಲೀನ ಅದು. ತಗೊಂಡ ಬಾ."

ಮರುದಿನ ಮಧ್ಯಾಹ್ನ ರಾಣೆಬೆನ್ನೂರಿನ ನನ್ನ ಬಾಡಿಗೆ ಮನೆಯಲ್ಲಿ ಸ್ಟೋವಿನ ಮೇಲೆ ಸಗಣಿಯ ಕುಳ್ಳು ಹೊತ್ತಿಸಿ, ಎಣ್ಣೆಯ ಹಳೆಯ ಡಬ್ಬಿಯಲ್ಲಿ ಬೂದಿಯ ನಡುವೆ ಇಟ್ಟು, ಡಬ್ಬಿಯನ್ನು ಮೊಪೆಡ್ಡಿನ ಹ್ಯಾಂಡಲಿಗೆ ತೂಗುಹಾಕಿಕೊಂಡು ಹೊರಟೆ. ದಾರಿಯುದ್ದಕ್ಕೂ ಹೊಗೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ, "ಏನ್ರಿ ಮೇಡಂ, ಗಾಡಿಗೆ ದೃಷ್ಟಿ ತಗ್ಯಾಕತ್ತೀರೇನ?" ಎಂದ. ನನಗೆ ಕೆಂಡ ಆರದಿದ್ದರೆ ಸಾಕಾಗಿತ್ತು.

ದೊಡ್ಡವ್ವ ಡಬ್ಬಿ ನೋಡಿ ನಗಲಿಲ್ಲ. ನನ್ನ ಮುಖ ನೋಡಿದಳು.

"ಸಿಟ್ಟು ಐತೇನ ನಿನಗ?"

"ಐತಿ."

"ಹಂಗಾರ ಕುಂದ್ರು. ಚಾ ಕುಡಿ."

ಚಹಾ ಕುಡಿಯುವವರೆಗೆ ಕೆಂಡಕ್ಕೆ ಕೈ ಹಚ್ಚಗೊಡಲಿಲ್ಲ. ಸಿಟ್ಟು ಇಳಿಯಿತೋ ಇಲ್ಲವೋ, ಗಾಳಿ ಇಳಿಯಿತು. ಅವಳು ಒಂದು ಹಿಡಿ ಮಣ್ಣು ತೂರಿ ದಿಕ್ಕು ನೋಡಿದಳು. ಹಸಿ ತಂಗಡಿಯ ಟೊಂಗೆಗಳನ್ನು ಬಡಿಯಲು ಸಿದ್ಧವಾಗಿಟ್ಟುಕೊಂಡೆವು. ಅವಳ ಒಲೆಯ ಕೆಂಡ, ನನ್ನ ಸ್ಟೋವಿನ ಕುಳ್ಳು ಎರಡನ್ನೂ ಒಂದು ಹುಲ್ಲಿನ ಸಿವುಡಿಗೆ ಇಟ್ಟು ಊದಿದೆವು. ಕುರಿ ತುಳಿದ ಅಂಚಿನಿಂದ ಗಾಳಿಗೆ ಎದುರಾಗಿ ಅವಳು ಹಚ್ಚುತ್ತ ಹೋದಳು, ಹಿಂದೆ ನಾನು ಟೊಂಗೆ ಹಿಡಿದು ಹೋದೆ. ಚಟಚಟ ಸದ್ದು, ಬಿಳಿ ಹೊಗೆ, ಮೊಣಕಾಲಿಗಿಂತ ಕೆಳಗೇ ಉರಿ. ಒಮ್ಮೆ ಮಾತ್ರ ಗಾಳಿ ತಿರುಗಿ ಒಂದು ನಾಲಿಗೆ ಅಂಚು ದಾಟಿತು. ಇಬ್ಬರೂ ಸೇರಿ ಬಡಿದು ಕೊಂದೆವು, ನನ್ನ ದುಪಟ್ಟಾದ ಒಂದು ಮೂಲೆ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಇಬ್ಬನಿ ಇಳಿದು ಎಲ್ಲ ತಣ್ಣಗಾಯಿತು. ಅವಳ ದಡ್ಡಿಯ ಮುಂದೆ ಅಗಲವಾದ ಕರಿ ಪಟ್ಟಿ ಬಿದ್ದಿತ್ತು.

ಹಟ್ಟಿಯವರು ದೂರ ನಿಂತು ನೋಡಿದರು, ಒಬ್ಬರೂ ಹತ್ತಿರ ಬರಲಿಲ್ಲ. ಯಾರೂ ಬೈಯಲೂ ಇಲ್ಲ. ಬೈದವರು ಸಲಹೆಗಾರರು, ಅದೂ ನಯವಾಗಿಯೇ. ಇಡೀ ಮೂಡಣ ಭಾಗವನ್ನು ಲೆಕ್ಕದಿಂದ ಹೊರಗಿಡಬೇಕಾಯಿತು, ನೀವು ವೈಜ್ಞಾನಿಕ ಶಿಸ್ತು ಮುರಿದಿರಿ ಎಂದರು. ಮುಖ್ಯಸ್ಥರು ಆ ಯೋಜನೆಯಿಂದ ನನ್ನನ್ನು ತೆಗೆದು ಹೊಸರಿತ್ತಿಯ ಕಡೆಗೆ ಬೀಜ ಹಂಚಲು ಹಾಕಿದರು. ಹೋಗಲಿ. ಬೀಜ ಹಂಚುವುದರಲ್ಲಿ ಯಾರೂ ಮೊದಲು ಬೆಳೆ ಕೆಡಿಸಿ ಬನ್ನಿ ಎನ್ನುವುದಿಲ್ಲ.

ಫಾಲ್ಗುಣದಲ್ಲಿ ಬೆಂಕಿ ಬಿತ್ತು. ಪಡುವಣ ಕಡೆಯ ಹೊಲದಲ್ಲಿ ಯಾರೋ ಗೋವಿನಜೋಳದ ದಂಟು ಸುಡುವಾಗ ಕಿಡಿ ಹಾರಿತಂತೆ. ಪ್ರತಿವರ್ಷ ಸುಡುತ್ತಾರೆ, ಪ್ರತಿವರ್ಷ ಕಿಡಿ ಹಾರುತ್ತದೆ, ಪ್ರತಿವರ್ಷ ಮೊದಲ ಕರಿ ಪಟ್ಟಿಯ ಹತ್ತಿರ ಸಾಯುತ್ತದೆ. ಆ ವರ್ಷ ಆ ಕಡೆ ಪಟ್ಟಿಯೇ ಇರಲಿಲ್ಲ. ಮಟಮಟ ಮಧ್ಯಾಹ್ನ, ಎದೆಯೆತ್ತರದ ಒಣಹುಲ್ಲು, ಬೀಸುಗಾಳಿ. ಉರಿ ಮನುಷ್ಯನ ತಲೆ ಮೀರಿ ಬಂತಂತೆ. ಕಂಪನಿ ತಂದಿಟ್ಟಿದ್ದ ಪಂಪು ಚಾಲೂ ಮಾಡಲು ಹಗ್ಗ ಎಳೆದದ್ದೇ ಬಂತು. ಯಜಮಾನರ ದಡ್ಡಿ ಕಾವಲಿನ ನಡುವೆ ಇತ್ತು. ದೊಡ್ಡ ಕುರಿಗಳನ್ನು ಹೊಡೆದುಕೊಂಡು ಹೊರಬಂದರು, ಗೂಡಿನಲ್ಲಿದ್ದ ಎಳೆಮರಿಗಳನ್ನು ತರಲಾಗಲಿಲ್ಲ. ಹಟ್ಟಿಯ ಜನ, ನಾಯಿ, ಕುರಿ ಎಲ್ಲ ಓಡಿದ್ದು ಮೂಡಣಕ್ಕೆ. ದೊಡ್ಡವ್ವನ ದಡ್ಡಿಯ ಮುಂದಿನ ಪಟ್ಟಿಯಲ್ಲಿ ಮೋಟು ಚಿಗುರು ಬಿಟ್ಟರೆ ಉರಿಯುವಂಥದ್ದು ಏನೂ ಇರಲಿಲ್ಲ. ಅದರ ಮೇಲೆ ಒತ್ತೊತ್ತಾಗಿ ನಿಂತರು. ಬೆಂಕಿ ಅಂಚಿನವರೆಗೆ ಬಂದು ಎರಡೂ ಬದಿಗೆ ಹರಿದು ಹೋಯಿತು.

ಮೂರನೆಯ ದಿನ ಮುಖ್ಯಸ್ಥರ ಫೋನು. ಸಲಹೆಗಾರರು ಬಂದಿದ್ದಾರೆ, ಹಟ್ಟಿಯವರು ಅವರೊಡನೆ ಮಾತಾಡುತ್ತಿಲ್ಲ, ಸ್ವಲ್ಪ ನೀವೇ ಹೋಗ್ರಿ. ಹೋದೆ. ನೆಲವೆಲ್ಲ ಕರ್ರಗೆ, ಗಾಳಿ ಬೀಸಿದರೆ ಬಾಯಿಗೆ ಬೂದಿ. ಯಜಮಾನರು ಸುಟ್ಟ ಗೂಡಿನ ಹತ್ತಿರ ಕೂತಿದ್ದರು. ನನ್ನನ್ನು ನೋಡಿ, "ಬಂದ್ರೇನ್ರಿ ಅಕ್ಕಾರ, ಕುಂದ್ರ್ರಿ," ಎಂದರು. ಆಚೆ ಸಲಹೆಗಾರರ ಹುಡುಗರು ಬೂದಿಯಲ್ಲಿ ಚೌಕಟ್ಟು ಇಟ್ಟು ಅಳೆಯುತ್ತಿದ್ದರು. ಅಳತೆ ಬಹಳ ಚೆನ್ನಾಗಿ ಬರುತ್ತಿದೆ ಎಂದು ಸಲಹೆಗಾರರು ನನಗೆ ಹೇಳಿದರು. ಚೆನ್ನಾಗಿ! ಎರಡೂ ಕೈ ಹಿಂದೆ ಕಟ್ಟಿಕೊಂಡೆ.

ಆಮೇಲೆ ಅವರು ದೊಡ್ಡವ್ವನ ದಡ್ಡಿ ನೋಡಿದರು. ಸುತ್ತ ಕಪ್ಪು, ನಡುವೆ ಹಸಿರು ಪಟ್ಟಿ, ಅದರ ಹಿಂದೆ ಇಡಿಯಾಗಿ ಉಳಿದ ಬೇಲಿ, ಒಳಗೆ ಮರಿಗಳು. ಅವರ ಕಣ್ಣು ಅರಳಿತು. ಸಾಂಪ್ರದಾಯಿಕ ಬೆಂಕಿ ನಿರ್ವಹಣೆಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೇ? ವರದಿಯ ಮುಖಪುಟಕ್ಕೆ ಇದೇ ಇರಲಿ, ಈ ತಾಯಿ ಒಂದು ಮರಿ ಎತ್ತಿಕೊಂಡು ಪಟ್ಟಿಯ ಮೇಲೆ ನಿಲ್ಲಲಿ ಎಂದರು. ಯಾವ ಪಟ್ಟಿಗಾಗಿ ನನ್ನನ್ನು ಶಿಸ್ತು ಮುರಿದವಳು ಎಂದಿದ್ದರೋ ಅದೇ ಪಟ್ಟಿ.

ನಾನು ದೊಡ್ಡವ್ವನಿಗೆ ಹೇಳಿದೆ. ಅವಳು ಮರಿಯನ್ನು ಬೇಲಿಯೊಳಗೆ ಬಿಟ್ಟು ಸೆರಗು ಬಿಗಿದಳು. ಪಟ್ಟಿಯ ಮೇಲೆ ನಿಲ್ಲಲಿಲ್ಲ, ಅದನ್ನು ದಾಟಿದಳು. ಸುಟ್ಟ ಹುಲ್ಲಿನ ಮೋಟು ತುಳಿಯುತ್ತ, ಪಾದ ಬೂದಿಯಲ್ಲಿ ಹೂತು ಹೋಗುತ್ತಿದ್ದರೂ ನಡೆದು, ಯಜಮಾನರ ಮರಿಗೂಡಿನ ಹತ್ತಿರ ಹೋಗಿ ನಮ್ಮ ಕಡೆ ತಿರುಗಿ ನಿಂತಳು. ಯಜಮಾನರು ತಲೆ ಎತ್ತಿ ಅವಳನ್ನು ನೋಡಿದರು.

"ಆ ಪಟ್ಟಿ ನಂದು, ಅದರದ ಫೋಟೋ ಕೊಡಂಗಿಲ್ಲ," ಎಂದು ಅಲ್ಲಿಂದಲೇ ಕೂಗಿದಳು. "ಇಲ್ಲಿ ತಗೀ ಅನ್ನು ಅವಗ. ಈ ಬೂದಿ ಅವಂದು."

ನಾನು ಹೇಳಿದೆ. ಸಲಹೆಗಾರರು ಕ್ಯಾಮೆರಾವನ್ನು ಅರ್ಧ ಎತ್ತಿದ್ದರು, ಹಾಗೇ ಇಳಿಸಿದರು.

"ಯಾಕ? ತಗೀ ಅನ್ನವಾ!" ಎಂದಳು ದೊಡ್ಡವ್ವ. ಬೂದಿಯ ನಡುವೆ ಅವಳು ಕದಲಲಿಲ್ಲ. ಅವರು ಕ್ಯಾಮೆರಾ ಚೀಲಕ್ಕೆ ಹಾಕಿ ಜೀಪಿನ ಕಡೆ ನಡೆದರು, ಜೀಪು ಮರೆಯಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು.